ಕರಿ ಗಾಜು ಮತ್ತು ನಿಂಗಮ್ಮನ ಹಚ್ಚೆ

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ, ಸೌಟು ಚಮಚಗಳ ನಡುವೆ, ಒಂದು ಬಿಳಿ ದಾರವಿದೆ. ಅದಕ್ಕೆ ಎರಡು ಗಂಟು. ಒಂದು ಗಂಟಿನ ಮೇಲೆ ಕೆಂಪು ನೇಲ್ ಪಾಲಿಶ್ ಬಳಿದಿದೆ. ಮನೆಗೆ ಬಂದವರು ಚಮಚ ಹುಡುಕುವಾಗ ಅದು ಕೈಗೆ ತೊಡರಿಕೊಂಡು, "ಹೂ ಕಟ್ಟೋ ದಾರ ಏನ್ರಿ ಇದು? ಒಗೀಲೇನು?" ಎಂದು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅದು ಹೂವಿನ ದಾರವೇ ಹೌದು. ಆದರೆ ಈಗ ಅದು ನನ್ನ ಕ್ಯಾಮೆರಾದ ಒಂದು ಭಾಗ. ಕ್ಯಾಮೆರಾದ ಭಾಗ ಅಡುಗೆಮನೆಗೆ ಹೇಗೆ ಬಂತೆಂದರೆ, ಒಮ್ಮೆ ನಮ್ಮವರು ಅದನ್ನು ಕ್ಯಾಮೆರಾದ ಚೀಲದಿಂದ ತೆಗೆದು ಒಡೆದ ಹಾಲಿನ ಪ್ಯಾಕೆಟ್ಟಿನ ಬಾಯಿ ಕಟ್ಟಿದರು. ಬಿಡಿಸಿ ತೊಳೆದು ಒಣಗಿಸಿದೆ. ತೊಳೆದ ದಾರ ಕುಗ್ಗಿರಬಹುದು ಎಂಬ ಅನುಮಾನದಿಂದ ಗಂಟುಗಳನ್ನು ಬಿಚ್ಚಿ, ಮತ್ತೆ ಅಳತೆ ಹಿಡಿದು ಕಟ್ಟಿದೆ. ಆಮೇಲೆ ಅದು ಅಲ್ಲೇ ಉಳಿಯಿತು.

ದಾರ ಕುಗ್ಗಿತೇ ಎಂದು ಯಾರು ಯೋಚಿಸುತ್ತಾರೆ ಎಂದು ನೀವು ನಗಬಹುದು. ನಮ್ಮವರೂ ನಕ್ಕರು. ನನ್ನ ಕಸುಬು ಹಾಗಿತ್ತು. ತೆಲುಗು ನಾಡಿನ ಕುಷಾಯಿಗೂಡದ ಬಳಿಯ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ, ತಪಾಸಣೆಯ ವಿಭಾಗದಲ್ಲಿ ಕೂತು ಕೂತು ನಿವೃತ್ತಳಾದವಳು ನಾನು. ಮೇಜಿಗೆ ಕಚ್ಚಿಸಿದ ದೊಡ್ಡ ಭೂತಗನ್ನಡಿ, ಅದರ ಸುತ್ತ ದುಂಡನೆಯ ದೀಪ, ಕೆಳಗೆ ಹಸಿರು ಹಲಗೆ, ಹಲಗೆಯ ಮೇಲೆ ಬೆಸುಗೆಯ ಚುಕ್ಕೆಗಳು. ಒಳ್ಳೆಯ ಬೆಸುಗೆ ಹೊಳೆಯುತ್ತದೆ. ಮಂಕಾಗಿದ್ದರೆ ಒಳಗೆ ಹಿಡಿದಿಲ್ಲ ಎಂದರ್ಥ. ಅಂಥದ್ದರ ಪಕ್ಕದಲ್ಲಿ ನಾನೊಂದು ಕೆಂಪು ಬಾಣದ ಚೀಟಿ ಅಂಟಿಸುತ್ತಿದ್ದೆ. ಬೆಸುಗೆ ಹಾಕುವ ಹುಡುಗಿಯರು ನನಗೆ "ಬಾಣಂ ಮೇಡಂ" ಎಂದು ಹೆಸರಿಟ್ಟಿದ್ದರು. ನನ್ನೆದುರಿಗೆ ಕರೆಯುತ್ತಿರಲಿಲ್ಲ. ಅದೂ ನನ್ನ ತಪಾಸಣೆಯಲ್ಲೇ ಗೊತ್ತಾದದ್ದು.

ಹೀಗೆ ಕಣ್ಣನ್ನೇ ನಂಬಿ ಅನ್ನ ಉಂಡವಳಿಗೆ, ನಿವೃತ್ತಿಯ ನಂತರ ಬಲಗಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದಾಗ ಆಸ್ಪತ್ರೆಯ ಗೋಡೆ ನೀಲ ಹಾಕಿ ಒಗೆದಂತೆ ಬೆಳ್ಳಗೆ ಕಂಡಿತು. ಆ ಕಣ್ಣು ಮುಚ್ಚಿ, ಇನ್ನೂ ಪೊರೆ ತೆಗೆಯದ ಎಡಗಣ್ಣಿನಿಂದ ನೋಡಿದರೆ ಅದೇ ಗೋಡೆ ತುಪ್ಪ ಸವರಿದಂತೆ. ನಾನು ಒಂದು ಕಣ್ಣು ಮುಚ್ಚುವುದು, ಇನ್ನೊಂದು ತೆರೆಯುವುದು ಮಾಡುತ್ತಿದ್ದದ್ದನ್ನು ಕಂಡು ಡಾಕ್ಟರು ನಕ್ಕರು. ಹಳೆಯ ಕಣ್ಣು ಎಲ್ಲವನ್ನೂ ಹಳದಿಯಾಗಿ ತೋರಿಸುತ್ತಿತ್ತು, ಅಷ್ಟೇ ಎಂದರು. ಎಷ್ಟು ವರ್ಷದಿಂದ ಎಂದು ಕೇಳಿದೆ. ಅದನ್ನು ಹೇಳಲು ಬರುವುದಿಲ್ಲ ಎಂದರು. ಮನೆಗೆ ಬಂದು ಮದುವೆಯ ಸೀರೆಯನ್ನು ಬಿಸಿಲಿಗೆ ಹಿಡಿದೆ. ಗಿಣಿ ಹಸಿರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಬೇರೆ ಯಾವುದೋ ಹಸಿರಾಗಿತ್ತು. ಸೀರೆ ಮಡಚಿಟ್ಟೆ.

ಆ ದಿನಗಳಲ್ಲೇ ಹಳೆಯ ಪುಸ್ತಕ ನೋಡಲೆಂದು ಅಬಿಡ್ಸ್‌ಗೆ ಹೋಗಿದ್ದೆ. ಒಂದು ಗಲ್ಲಿಯಲ್ಲಿ ಕ್ಯಾಮೆರಾ ರಿಪೇರಿಯ ಸಣ್ಣ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಸೋಪಿನ ಡಬ್ಬಿಯಂತೆ ಚಪ್ಪಟೆಯಾದ, ಕರಿಯ, ಗಟ್ಟಿಮುಟ್ಟಾದ ಒಂದು ಕ್ಯಾಮೆರಾ ಕೂತಿತ್ತು. ಅಂಗಡಿಯ ಮುದುಕರು ಅದನ್ನು ಹೊರಗೆ ತೆಗೆದು ನನ್ನ ಕೈಗೆ ಕೊಡುವ ಮೊದಲೇ ಹೇಳಿದರು:

"ಮೇಡಂ, ಇಸ್ಮೇ ಏಕ್ ಐಬ್ ಹೈ. ಪೈಲೇಚ್ ಬೋಲ್ ದೇರೌಂ. ಕಾಲಾ ಕಪ್ಡಾ ಬೈಂಗನೀ ದಿಖ್ತಾ."

ಇದರಲ್ಲೊಂದು ಐಬು, ಅಂದರೆ ದೋಷ, ಇದೆ, ಮೊದಲೇ ಹೇಳಿಬಿಡುತ್ತೇನೆ ಎಂದರು. ಕರಿ ಬಟ್ಟೆ ಬದನೆಕಾಯಿ ಬಣ್ಣದಲ್ಲಿ ಕಾಣುತ್ತದಂತೆ. ಸಾಕ್ಷಿಗೆ ಒಂದು ಕರಿ ಕೊಡೆಯ ಫೋಟೊ ತೋರಿಸಿದರು. ಬದನೆಕಾಯಿಯೇ. ಕೊಂಡವರೆಲ್ಲ ತಂದು ವಾಪಸು ಕೊಡುತ್ತಾರೆ ಎಂದರು. ಜೀವಮಾನವೆಲ್ಲ ಐಬು ಹುಡುಕಿ ಬಾಣ ಅಂಟಿಸಿದವಳು ನಾನು. ಇದೇ ಐಬು, ಇಷ್ಟೇ ಐಬು ಎಂದು ಹೆಸರು ಹಿಡಿದು ಹೇಳಿ ಮಾರುವ ಮನುಷ್ಯನನ್ನು ಮೊದಲ ಸಲ ಕಂಡೆ. ಕ್ಯಾಮೆರಾಕ್ಕಿಂತ ಆ ಮಾತು ಹಿಡಿಸಿತು. ಮನೆಗೆ ತಂದೆ.

ಐಬಿನ ಕಾರಣ ಸರಳ. ಕೆಂಪಿನ ಆಚೆಗೂ ಬೆಳಕಿದೆ, ನಮ್ಮ ಕಣ್ಣಿಗೆ ಕಾಣದ ಬೆಳಕು. ಅದು ಒಳಗೆ ಬರದಂತೆ ಎಲ್ಲ ಡಿಜಿಟಲ್ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ದಪ್ಪ ಗಾಜು ಇಟ್ಟಿರುತ್ತಾರೆ. ಇದರಲ್ಲಿ ಆ ಗಾಜು ತೆಳು. ಹೀಗಾಗಿ ಕಾಣದ ಬೆಳಕೂ ನುಸುಳಿ, ಸಿಂಥೆಟಿಕ್ ಕರಿ ಬಟ್ಟೆಯ ಮೇಲೆ ನೇರಳೆ ಚೆಲ್ಲುತ್ತದೆ. ಇದನ್ನೆಲ್ಲ ತಿಳಿದುಕೊಳ್ಳುವ ಮೊದಲೇ ಕೊಂಡಾಪುರದಲ್ಲಿರುವ ನಮ್ಮಕ್ಕನ ಮಗಳು ವಕೀಲಿ ಸನದು ಪಡೆದಳು. ಹೊಸ ಕರಿ ಕೋಟು, ಬಿಳಿ ಕಾಲರ್ ಪಟ್ಟಿ, ಕೈಯಲ್ಲಿ ಸನದು. ನಾನು ಉತ್ಸಾಹದಿಂದ ಫೋಟೊ ತೆಗೆದೆ. ಅದರಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗಿದ ಕೋಟನ್ನು ನೋಡಿ ಅವಳು ಕೇಳಿದಳು:

"ಮೌಶಿ, ಖರೆ ಹೇಳು. ನಾ ವಕೀಲಕಿ ಆಗೇನೋ, ಬಾರಾತ್ ಮುಂದ ಬ್ಯಾಂಡ್ ಬಾರ್ಸಾಕಿ ಆಗೇನೋ?"

ಈಗಲೂ ಯಾವುದಾದರೂ ಮದುವೆಯ ಬ್ಯಾಂಡಿನವರು ರಸ್ತೆಯಲ್ಲಿ ಸಿಕ್ಕರೆ ಅವಳು ಫೋಟೊ ತೆಗೆದು, "ನಮ್ಮ ಕೋರ್ಟಿನವರು" ಎಂದು ಬರೆದು ನನಗೆ ಕಳಿಸುತ್ತಾಳೆ.

ಐಬು ಇದ್ದರೆ ಅದರಿಂದಲೇ ಕೆಲಸ ತೆಗೆಯಬೇಕು ಎಂದು ನನಗೆ ಹೊಳೆದದ್ದು ಆಮೇಲೆ. ಕಾಣುವ ಬೆಳಕನ್ನೆಲ್ಲ ತಡೆದು, ಕಾಣದ ಬೆಳಕನ್ನು ಮಾತ್ರ ಬಿಡುವ ಒಂದು ಕರಿ ಗಾಜು ಸಿಗುತ್ತದೆ. ಅದನ್ನು ಲೆನ್ಸಿನ ಮುಂದೆ ತಿರುಗಿಸಿ ಕೂರಿಸಬೇಕು. ಬೇರೆ ಕ್ಯಾಮೆರಾಗಳಲ್ಲಿ ಅದನ್ನು ಹಾಕಿದರೆ ನೋಡುವವರಿಗೆ ಬರೀ ಕತ್ತಲೆ. ಇದರಲ್ಲಿ ಹಾಗಿಲ್ಲ. ಇದು ರೇಂಜ್‌ಫೈಂಡರ್ ಎನ್ನುವ ಹಳೆಯ ಜಾತಿಯ ಕ್ಯಾಮೆರಾ. ನಾವು ನೋಡುವ ಕಿಂಡಿ ಮೂಲೆಯಲ್ಲಿ ಬೇರೆ ಇದೆ, ಲೆನ್ಸು ಬೇರೆ. ಕಿಂಡಿಯ ನಡುವೆ ಒಂದು ಸಣ್ಣ ಚೌಕದಲ್ಲಿ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಎರಡೂ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಅದು ಸ್ಪಷ್ಟ ಎಂದು ಅರ್ಥ. ನನ್ನ ಎರಡು ಕಣ್ಣುಗಳು ಒಂದೊಂದು ಬಿಳಿಯನ್ನು ತೋರಿಸುತ್ತಿದ್ದ ಕಾಲದಲ್ಲಿ, ಎರಡು ಬಿಂಬ ಬಂದು ಒಂದಾಗುವ ಆ ಚೌಕವನ್ನು ನೋಡುವುದೇ ನನಗೆ ಒಂದು ಔಷಧಿಯಾಗಿತ್ತು.

ಕರಿ ಗಾಜು ಹಾಕಿ ಮೊದಲು ತೆಗೆದದ್ದು ಮನೆಯ ಮುಂದಿನ ಬೇವಿನ ಮರ. ಏಪ್ರಿಲ್ಲಿನ ಬಿಸಿಲು. ಫೋಟೊದಲ್ಲಿ ಆಕಾಶ ಕಪ್ಪು, ಎಲೆಗಳೆಲ್ಲ ಅಚ್ಚ ಬಿಳಿ. ನಮ್ಮವರು ಕನ್ನಡಕ ಏರಿಸಿ ನೋಡಿ, "ಸುಧಾ, ಕುಷಾಯಿಗೂಡದಾಗ ಹಿಮಾ ಬಿದ್ದೈತಲ್ಲ! ಸ್ವೆಟರ್ ತಗೀಲೇನು?" ಎಂದರು. ಆ ಉಮೇದಿನಲ್ಲಿ ಅವರದೇ ಒಂದು ತೆಗೆದೆ. ಅದರಲ್ಲಿ ಅವರ ಮುಖ ಮೈದಾ ಹಿಟ್ಟು ಮೆತ್ತಿದ ಹಾಗೆ ನುಣ್ಣಗಿತ್ತು. ಕೆನ್ನೆಯ ಮೇಲಿನ ವಯಸ್ಸಿನ ಕಲೆಗಳೆಲ್ಲ ಮಾಯ. ಕಣ್ಣು ಮಾತ್ರ ಎರಡು ನೇರಳೆ ಹಣ್ಣು. ಮುಂಗೈಯಲ್ಲಿ ಚರ್ಮದ ಕೆಳಗಿನ ನರಗಳು ನಕ್ಷೆಯ ನದಿಗಳಂತೆ ಎದ್ದು ಕಂಡವು. ಅವರು ಬಹಳ ಹೊತ್ತು ನೋಡಿ, "ನಾ ಹೋದ ಮ್ಯಾಲೆ ಗ್ವಾಡಿಗೆ ಹಾಕೋ ಫೋಟೊ ಇದಲ್ಲ, ಈಗs ಹೇಳಿರ್ತೀನಿ" ಎಂದು ಎದ್ದು ಹೋದರು.

ಇನ್ನು ದಾರದ ಮಾತು. ಇಂಥ ಕ್ಯಾಮೆರಾ ಹತ್ತಿರದ್ದನ್ನು ನೋಡಲಾರದು. ಒಂದು ತೋಳಿನಷ್ಟು ದೂರದಿಂದ ಒಳಗೆ ಬಂದರೆ ಚೌಕದಲ್ಲಿ ಬಿಂಬಗಳು ಕೂಡುವುದೇ ಇಲ್ಲ. ನನಗೋ ಹತ್ತಿರದ್ದೇ ಬೇಕು, ಬೆಸುಗೆಯ ಚುಕ್ಕೆ ನೋಡಿದ ಕಣ್ಣಿಗೆ ಬೆಟ್ಟಗುಡ್ಡ ರುಚಿಸುವುದಿಲ್ಲ. ಉಪಾಯವೆಂದರೆ ಲೆನ್ಸಿನ ಮೂತಿಗೆ ಒಂದು ಭೂತಗನ್ನಡಿ ಸಿಕ್ಕಿಸುವುದು. ಆಗ ಲೆನ್ಸಿಗೆ ಹತ್ತಿರದ್ದು ಕಾಣುತ್ತದೆ, ಆದರೆ ನನ್ನ ಕಿಂಡಿಗೆ ಕಾಣುವುದಿಲ್ಲ. ಕುರುಡು ಅಳತೆಯೇ ಗತಿ. ಅದಕ್ಕೇ ದಾರ. ಲೆನ್ಸಿನ ಬುಡಕ್ಕೆ ದಾರದ ತುದಿ ಹಿಡಿದು, ಗಂಟು ಎಲ್ಲಿಗೆ ಬರುತ್ತದೋ ಅಲ್ಲಿ ವಸ್ತು ಇರಬೇಕು. ಕರಿ ಗಾಜು ಹಾಕಿದಾಗ ಕಾಣದ ಬೆಳಕು ಒಂದಿಷ್ಟು ಆಚೆ ಹೋಗಿ ಸ್ಪಷ್ಟವಾಗುತ್ತದೆ, ಹಾಗಾಗಿ ಅದಕ್ಕೆ ಬೇರೆ ಗಂಟು, ಕೆಂಪು ಬಳಿದದ್ದು. ನೇಲ್ ಪಾಲಿಶ್ ಅಕ್ಕನ ಮಗಳು ಬಿಟ್ಟುಹೋದದ್ದು. ನನ್ನ ಉಗುರಿಗೆ ಹಚ್ಚಿಕೊಂಡದ್ದಲ್ಲ.

ಈ ದಾರ ಹಿಡಿದುಕೊಂಡು ನಾನೊಂದು ಇರುವೆಯ ಹಿಂದೆ ಬಿದ್ದಿದ್ದೆ. ನಮ್ಮ ಪಕ್ಕದ ರಸ್ತೆಯಲ್ಲಿ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಗೇಟಿನ ಒಳಗೆ ಮರಳಿನ ರಾಶಿ, ರಾಶಿಯ ಅಂಚಿನಲ್ಲಿ ಸಕ್ಕರೆಯ ಕಣ ಹೊತ್ತ ಇರುವೆ. ನಾನು ಮೊಣಕಾಲೂರಿ, ದಾರ ಚಾಚಿ, ಇನ್ನೇನು ಒತ್ತಬೇಕು, ಇರುವೆ ಗಂಟು ದಾಟಿ ಹೋಗುತ್ತಿತ್ತು. "ನಿಂದ್ರs... ಒಂಚೂರು ನಿಂದ್ರು" ಎಂದು ಗೊಣಗಿದೆ. ಹಿಂದಿನಿಂದ ಒಂದು ದನಿ ಬಂತು:

"ಇರಿವಿ ನಿಮ್ಮ ಮಾತು ಕೇಳಂಗಿಲ್ರೀ ಅಕ್ಕಾರ. ಇಲ್ಲೀ ಇರಿವಿಗೆ ಕನ್ನಡ ಬರಂಗಿಲ್ಲ. ತೆಲುಗಿನ್ಯಾಗ ಹೇಳ್ರಿ."

ತಿರುಗಿ ನೋಡಿದೆ. ಕೈಯಲ್ಲಿ ನೀರಿನ ಪೈಪು ಹಿಡಿದ ಹೆಂಗಸು, ನನ್ನದೇ ವಯಸ್ಸು, ಸೀರೆಯ ಮೇಲೆ ಗಂಡಸರ ಶರ್ಟು, ತಲೆಗೆ ಟವೆಲು. ಹೊಸ ಗೋಡೆಗಳಿಗೆ ನೀರುಣಿಸುವ ಕೆಲಸ ಅವಳದು. ಹೆಸರು ನಿಂಗಮ್ಮ. ಶಹಾಪುರದ ಕಡೆಯವಳು. ಯಾವ ಊರು ಎಂದು ಕೇಳಿದ್ದಕ್ಕೆ, "ಊರ ಹೆಸರು ಹೇಳಿದ್ರ ನಿಮಗೂ ತಿಳ್ಯಂಗಿಲ್ಲ, ಬಸ್ಸಿನಾವಗೂ ತಿಳ್ಯಂಗಿಲ್ಲ" ಎಂದಳು. ಮಗ ಸೊಸೆಯ ಜೊತೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ.

ಅಷ್ಟರಲ್ಲಿ ವಾಚಮನ್ ಓಡಿಬಂದ. ಕೊರಳಲ್ಲಿ ಕ್ಯಾಮೆರಾ ನೋಡಿ ಅವನಿಗೆ ಗಾಬರಿ. "ಮುನ್ಸಿಪಾಲ್ಟೀ ಸೇ ಆಯೇ ಕ್ಯಾ? ಫೋಟೂ ನಕ್ಕೋ! ಬಾಹರ್ ಚಲೋ!" ಎಂದ. ಬಹುಶಃ ಆ ಕಟ್ಟಡದಲ್ಲಿ ಯಾರಿಗೂ ತೋರಿಸಬಾರದ ಒಂದು ಮಹಡಿ ಇದ್ದಿರಬೇಕು. ನಾನು ಇರುವೆ, ಮರಳು, ಭೂತಗನ್ನಡಿ ಎಂದು ವಿವರಿಸಲು ತೊಡಗಿದಷ್ಟೂ ಅವನ ಅನುಮಾನ ಹೆಚ್ಚಿತು. ನಿಂಗಮ್ಮ ತಿರುಗಿ ಕೂಡ ನೋಡದೆ, ಗೋಡೆಗೆ ನೀರು ಬಿಡುತ್ತಲೇ ಹೇಳಿದಳು:

"ಮೇರೆ ಸಾಥ್ ಹೈ. ಛೋಡೋ."

ನನ್ನ ಜೊತೆಯವಳು, ಬಿಡು ಎಂದಷ್ಟೇ. ಅವನು ಬಿಟ್ಟ. ನಾನು ಗುರುತಿನ ಕಾರ್ಡು ಕೊರಳಿಗೆ ಹಾಕಿಕೊಂಡೇ ವಯಸ್ಸು ಕಳೆದವಳು. ಕಾರ್ಖಾನೆಯ ಗೇಟಿನವನು ದಿನವೂ ಕಾರ್ಡು ನೋಡಿ, ಮುಖ ನೋಡಿ, ಮತ್ತೆ ಕಾರ್ಡು ನೋಡುತ್ತಿದ್ದ. ಇಷ್ಟು ಸಲೀಸಾಗಿ ಯಾವ ಗೇಟಿನಲ್ಲೂ ನನ್ನನ್ನು ಒಳಗೆ ಬಿಟ್ಟದ್ದಿಲ್ಲ.

ಆಮೇಲೆ ನಿಂಗಮ್ಮ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಮನೆಯ ಕಟ್ಟೆಗೆ ಬಂದು ಕೂರತೊಡಗಿದಳು. ಚಹಾ ಕುಡಿಯುತ್ತ ನನ್ನ ಫೋಟೊಗಳನ್ನು ನೋಡಿ ನಗುವುದು ಅವಳಿಗೆ ಇಷ್ಟ. ಬಿಳಿ ಬೇವನ್ನು ನೋಡಿ, "ಇದಕ್ಕ ಯಾರ್ರಿ ಸುಣ್ಣಾ ಬಳದೋರು?" ಎಂದಳು. ನಮ್ಮವರ ಮೈದಾ ಮುಖಕ್ಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಅವರ ಮುಂಗೈಯ ನರಗಳನ್ನು ನೋಡಿದಳು. ನಗು ನಿಂತಿತು.

"ಅಕ್ಕಾರ, ಇದಕ್ಕ ತೊಗಲಿನ ಒಳಗಿಂದು ಕಾಣ್ತೈತೇನ್ರಿ?"

ಕೆಲವೊಮ್ಮೆ ಕಾಣುತ್ತದೆ ಎಂದೆ.

ಅವಳು ಶರ್ಟಿನ ತೋಳು ಮೇಲೇರಿಸಿ ಎಡಗೈ ಮುಂದೆ ಚಾಚಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಪ್ಪಾಗಿ, ಸುಟ್ಟ ರೊಟ್ಟಿಯ ಮೇಲ್ಮೈಯಂತೆ ಒರಟಾಗಿತ್ತು. ಹರೆಯದಲ್ಲಿ ಸುಣ್ಣದ ಗುಂಡಿಯಿಂದ ಸಿಡಿದದ್ದು, ಆಮೇಲೆ ಸಿಮೆಂಟು, ಬಿಸಿಲು. "ಇಲ್ಲಿ ನಮ್ಮವ್ವ ಹಾಕಿಸಿದ್ದ ಹಚ್ಚಿ ಇತ್ತು. ಈಗ ಐತೋ ಇಲ್ಲೋ ಗೊತ್ತಿಲ್ರಿ" ಎಂದಳು.

ಹಚ್ಚೆ ಎಂದ ಕೂಡಲೇ ನನಗೆ ನಮ್ಮಜ್ಜಿಯ ಮುಂಗೈ ನೆನಪಾಯಿತು. ಧಾರವಾಡದ ನಮ್ಮ ಓಣಿಯಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದಾಗ, ನಾನು ಅಜ್ಜಿಯ ಪಕ್ಕದಲ್ಲಿ ಮಲಗಿ ಅವಳ ಹಸಿರು ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದೆ. ಒಂದು ತುಳಸಿಕಟ್ಟೆ, ಅದರ ಸುತ್ತ ಚುಕ್ಕೆಗಳು. ಗೊರಕೆ ಹೊಡೆಯುತ್ತಲೇ ಅಜ್ಜಿ ಕೈ ಎಳೆದುಕೊಳ್ಳುತ್ತಿದ್ದಳು. ನನಗೂ ಹಾಕಿಸು ಎಂದು ಹಟ ಮಾಡಿದೆ. ಹಚ್ಚೆ ಹಾಕುವ ಹೆಂಗಸು ಬಾಗಿಲಿಗೂ ಬಂದಳು. ಸೂಜಿಗಳ ಕಟ್ಟು, ಮಸಿಯ ಬಟ್ಟಲು, ನೋವು ಮರೆಸಲು ಹಾಡು, ಎಲ್ಲ ಇತ್ತು. ಅಪ್ಪ ಹೊರಗೆ ಬಂದು, "ಸಾಲಿ ಕಲಿಯೋ ಹುಡಿಗಿಗೆ ಇದೆಲ್ಲಾ ಯಾಕ?" ಎಂದು ಅವಳನ್ನು ಕಳಿಸಿಬಿಟ್ಟರು. ನಾನು ಬಾಲ್‌ಪೆನ್ನಿನಿಂದ ನನ್ನ ತೋಳಿಗೆ ಒಂದು ತುಳಸಿಕಟ್ಟೆ ಬರೆದುಕೊಂಡೆ. ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿದಳು. ತುಳಸಿಕಟ್ಟೆ ಹೋಗಿ ತೋಳು ಮಾತ್ರ ಕೆಂಪಗೆ ಉಳಿಯಿತು.

ಇದನ್ನು ಹೇಳಿ ನಾನು ನಕ್ಕೆ. ನಿಂಗಮ್ಮ ನಗಲಿಲ್ಲ. ಅವಳ ಅಕ್ಕ ಹೋದ ಸುಗ್ಗಿಯಲ್ಲಿ ಊರಲ್ಲಿ ತೀರಿಕೊಂಡಿದ್ದಳಂತೆ.

"ಅಕ್ಕನ ಮೈ ತೊಳಿಯೋ ಮುಂದ ನಾನೂ ಇದ್ದೆ. ಬಂಗಾರ ಬಿಚ್ಚಿದ್ರು, ಕಾಲುಂಗುರ ಬಿಚ್ಚಿದ್ರು. ಹಚ್ಚಿ ಬಿಚ್ಚಾಕ ಬರ್ತೈತೇನ್ರಿ? ಅದೊಂದs ಸಂಗಾಟ ಹೋಗೋದು. ಅಕ್ಕನ ಕೈ ನೋಡಿ ಎಲ್ಲಾರೂ ಅಂದ್ರು, ಮ್ಯಾಲ ಹೋದ್ರ ಅವ್ವ ಗುರ್ತ ಹಿಡೀತಾಳ ಬಿಡು ಅಂತ. ಆಮ್ಯಾಲ ನಮ್ಮ ಚಿಗವ್ವ ನನ್ನ ಕೈ ಹಿಡದು, ನಿಂಗೀ, ನಿಂದೆಲ್ಲಿ ಹೋತು, ನಿಮ್ಮವ್ವ ನಿನ್ನ ಹ್ಯಾಂಗ ಗುರ್ತ ಹಿಡೀಬೇಕು ಅಂದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ. ಬಸ್ಸಿನ್ಯಾಗ ಕುಂತ ಮ್ಯಾಲೆ ನಗು ಬರ್ಲಿಲ್ರಿ."

ಚಹಾದ ಲೋಟ ಕೆಳಗಿಟ್ಟಳು.

"ಅವ್ವ ಹೋದಾಗ ನಾ ಇಷ್ಟs ಇದ್ದೆ. ಈ ಮುದುಕಿ ಮಾರಿ ಆಕಿಗೆ ಗೊತ್ತಿಲ್ಲ. ಆಕಿಗೆ ಗೊತ್ತಿರೋದು ಈ ಕೈ ಒಂದs."

ಈ ನಂಬಿಕೆ ನನ್ನದಲ್ಲ. ಆದರೆ ಅವಳು ಕೇಳಿದ್ದು ನಂಬಿಕೆಯ ಪ್ರಶ್ನೆಯಲ್ಲ, ತಪಾಸಣೆಯ ಪ್ರಶ್ನೆ. ಇದೆಯೋ, ಇಲ್ಲವೋ. ಅದಕ್ಕೆ ಉತ್ತರ ಹುಡುಕುವುದು ನನಗೆ ಗೊತ್ತಿದ್ದ ಒಂದೇ ಕೆಲಸ. ಹೆದರಿಕೆಯೂ ಆಯಿತು. ಇಲ್ಲ ಎಂದು ಕಂಡರೆ, ಇಷ್ಟು ದಿನ ಅನುಮಾನವಾಗಿದ್ದದ್ದು ಖಾತ್ರಿಯಾಗುತ್ತದೆ. ಖಾತ್ರಿ ಮಾಡಿದವಳು ನಾನಾಗುತ್ತೇನೆ.

"ಕಾಣಲಿಲ್ಲ ಅಂದ್ರ, ನಿಂಗಮ್ಮ?"

"ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅನ್ರಿ. ನನ್ನ ಸಮಾಧಾನಕ್ಕ ಸುಳ್ಳು ಹೇಳಬ್ಯಾಡ್ರಿ ಮತ್ತ."

ಮೊದಲು ನನ್ನ ಮೇಲೆಯೇ ಪರೀಕ್ಷೆ ಮಾಡಿದೆ. ಹಚ್ಚೆಯ ಕಪ್ಪು ದೀಪದ ಮಸಿ. ಬಿಸಿಲು ತಂದ ಕಪ್ಪು ಬೇರೆ. ಕಣ್ಣಿಗೆ ಎರಡೂ ಕಪ್ಪೇ. ಕರಿ ಗಾಜಿಗೆ ಹಾಗಲ್ಲವೆಂದು ಓದಿದ್ದೆ, ನೋಡಿರಲಿಲ್ಲ. ತೋಳಿನ ಮೇಲೆ ಬಾಲ್‌ಪೆನ್ನಿನಿಂದ ಒಂದು ತುಳಸಿಕಟ್ಟೆ ಬರೆದೆ. ಪಕ್ಕದಲ್ಲಿ ದೇವರ ದೀಪದ ಮಸಿಯಿಂದ ಇನ್ನೊಂದು. ನಮ್ಮವರು ಪೇಪರಿನ ಮೇಲಿಂದ ನೋಡಿ, "ನಿಮ್ಮಪ್ಪ ಇಲ್ಲ ಅಂತ ಧೈರ್ಯ ಬಂದೈತಿ ನಿನಗ" ಎಂದರು. ಫೋಟೊದಲ್ಲಿ ಬಾಲ್‌ಪೆನ್ನಿನ ಕಟ್ಟೆ ಪೂರ್ತಿ ಮಾಯವಾಗಿತ್ತು. ಅವ್ವನ ಹುಣಸೆಹಣ್ಣಿಗಿಂತ ಚೊಕ್ಕಟವಾಗಿ. ಮಸಿಯದು ಗಟ್ಟಿಯಾಗಿ ನಿಂತಿತ್ತು. ಮಸಿ ಇದ್ದರೆ ಕಾಣುತ್ತದೆ ಎಂದು ಈಗ ನಾನು ಹೇಳಬಲ್ಲವಳಾದೆ. ಇದ್ದರೆ.

ಮಾರನೆಯ ದಿನ ಮಧ್ಯಾಹ್ನ, ನೆತ್ತಿಯ ಬಿಸಿಲಲ್ಲಿ, ಅದೇ ಮರಳಿನ ರಾಶಿಯ ಬಳಿ ಕೂತೆವು. ಮರಳು ಹೊರುವ ಕಬ್ಬಿಣದ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಟವೆಲು ಹಾಸಿ, ನಿಂಗಮ್ಮ ಕೈ ಇಟ್ಟಳು. ಭೂತಗನ್ನಡಿ, ಅದರ ಮುಂದೆ ಕರಿ ಗಾಜು, ಎರಡನ್ನೂ ಮನೆಯಲ್ಲೇ ಸಿಕ್ಕಿಸಿ ತಂದಿದ್ದೆ. ಕೆಂಪು ಗಂಟನ್ನು ಅವಳ ಬಲಗೈಗೆ ಕೊಟ್ಟು, ಎಡಗೈಯ ಚರ್ಮಕ್ಕೆ ತಾಗಿಸಿ ಹಿಡಿಯಲು ಹೇಳಿದೆ. ದಾರ ಬಿಗಿಯಾಯಿತು. ಕಿಂಡಿಯಿಂದ ಎಲ್ಲ ಸರಿಯಾಗಿ ಕಂಡಿತು, ಬುಟ್ಟಿ, ಟವೆಲು, ಕೈ. ಒತ್ತಿದೆ. ಹಿಂದಿನ ಪರದೆ ನೋಡಿದೆ.

ಕಪ್ಪು. ನರವಿಲ್ಲ, ಚರ್ಮವಿಲ್ಲ, ಟವೆಲಿಲ್ಲ. ಇನ್ನೊಂದು ತೆಗೆದೆ. ಅದೂ ಕಪ್ಪು.

ನಿಂಗಮ್ಮ ಪರದೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. "ಕರ್ರಗ ಬಂತೇನ್ರಿ?" ಎಂದಳು ಮೆಲ್ಲಗೆ.

ಹಚ್ಚೆ ಕಾಣಲಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಹಳೆಯ ಅಭ್ಯಾಸ ಕೈ ಹಿಡಿಯಿತು. ಕೈ ಕಾಣದಿದ್ದರೆ ಸರಿ, ಟವೆಲು ಏಕೆ ಕಾಣಬಾರದು? ಮುಚ್ಚಳಕ್ಕಾಗಿ ಕ್ಯಾಮೆರಾದ ಚೀಲ ತಡಕಿದೆ. ಚೀಲದಲ್ಲಿಲ್ಲ. ಮರಳು ತಾಗದಿರಲೆಂದು ಹಾಕಿಕೊಂಡು ಬಂದ ಮುಚ್ಚಳ ಇನ್ನೂ ಲೆನ್ಸಿನ ಮೇಲೆಯೇ ಇತ್ತು, ಕರಿ ಗಾಜಿನ ಮೇಲೆ ಕರಿ ಮುಚ್ಚಳ. ನೋಡುವ ಕಿಂಡಿಯೂ ಲೆನ್ಸೂ ಬೇರೆ ಬೇರೆ ಇರುವ ಕ್ಯಾಮೆರಾದವರು ಮಾತ್ರ ಮಾಡಬಲ್ಲ ತಪ್ಪು ಇದು. ನಮಗೆ ಜಗತ್ತೆಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿರುತ್ತದೆ.

ಮುಚ್ಚಳ ತೆಗೆದು ತೋರಿಸಿದೆ. ನಿಂಗಮ್ಮನ ಎದೆಯಿಂದ ಒಂದು ಉಸಿರು ಹೊರಬಿತ್ತು. "ಏ ಅಕ್ಕಾರ, ನನ್ನ ಜೀವಾ ಅರ್ಧ ಹೋತಲ್ರಿ! ಗಡಗಿ ಮುಚ್ಚಳ ತಗೀಲಾರ್ದ ಸಾರು ಬಡಸ್ತೀರೇನು?"

ಮತ್ತೆ ತೆಗೆದೆ. ಈ ಸಲ ಟವೆಲಿನ ಅಂಚು, ಬುಟ್ಟಿಯ ಹಿಡಿಕೆ ಬಂತು. ಕಿಂಡಿ ಇರುವುದು ಮೇಲಿನ ಮೂಲೆಯಲ್ಲಿ. ಇಷ್ಟು ಹತ್ತಿರದಲ್ಲಿ ಅದು ತೋರಿಸುವ ಜಾಗವೇ ಬೇರೆ, ಲೆನ್ಸು ನೋಡುವ ಜಾಗವೇ ಬೇರೆ. ಕ್ಯಾಮೆರಾ ಸರಿಸಿದೆ. ಮುಂದಿನದರಲ್ಲಿ ಕೈ ಬಂತು, ಆದರೆ ಕೆಸರು ನೀರಿನಲ್ಲಿ ಅದ್ದಿದಂತೆ ಕಲಸಿಹೋಗಿತ್ತು. ನಡುಗಿದ್ದು ನನ್ನ ಕೈ. ಎರಡು ಇಟ್ಟಿಗೆ ಎಳೆದುಕೊಂಡು, ಅವುಗಳ ಮೇಲೆ ಮೊಣಕೈ ಊರಿದೆ. ಕಾರ್ಖಾನೆಯ ಮೇಜಿನ ಮುಂದೆ ಕೂರುತ್ತಿದ್ದಂತೆ ಬೆನ್ನು ಬಗ್ಗಿಸಿದೆ. ಉಸಿರು ಅರ್ಧ ಬಿಟ್ಟು ತಡೆದೆ. ದಾರ ಅಲುಗಲಿಲ್ಲ. ಒತ್ತಿದೆ.

ಪರದೆಯ ಮೇಲೆ ಬಿಳಿಯ ತೋಳು ಬಂತು, ಹೊಸ ಹಾಳೆಯಂತೆ. ಬಿಸಿಲಿನ ಕಪ್ಪಿಲ್ಲ. ಸುಣ್ಣದ ಕಲೆ ತೆಳುವಾದ ಮೋಡದಂತೆ ಒಂದು ಕಡೆ ಉಳಿದಿತ್ತು. ಬೂದು ನರಗಳು. ನರಗಳ ಮೇಲೆ, ಅವುಗಳಿಗಿಂತ ಕಪ್ಪಾಗಿ, ಮನುಷ್ಯರ ಕೈ ಎಳೆದ ಗೆರೆಗಳು. ಒಂದು ತೊಟ್ಟಿಲು. ಎರಡು ಹಗ್ಗ. ತೊಟ್ಟಿಲ ಕೆಳಗೆ ಸಾಲಾಗಿ ಚುಕ್ಕೆ. ಮಣಿಕಟ್ಟಿನ ಹತ್ತಿರ ಇನ್ನೇನೋ ಇತ್ತು. ಪರದೆಯನ್ನು ನನ್ನ ಸೆರಗಿನಿಂದ ನೆರಳು ಮಾಡಿ ನಿಂಗಮ್ಮನ ಮುಂದೆ ಹಿಡಿದೆ. ನಾನು ಕಂಡದ್ದನ್ನು ಮೊದಲೇ ಹೇಳಿ ಅವಳ ಕಣ್ಣನ್ನು ಕೆಡಿಸಬಾರದು.

ಅವಳು ಬಗ್ಗಿ ನೋಡಿದಳು. ಆಮೇಲೆ ಬೆರಳಿನಿಂದ ತನ್ನ ಕಪ್ಪು ತೋಳಿನ ಮೇಲೆ, ಪರದೆಯಲ್ಲಿ ಕಂಡ ಗೆರೆಗಳ ದಾರಿಯಲ್ಲೇ, ಮೆಲ್ಲಗೆ ಎಳೆಯುತ್ತ ಹೋದಳು. ಒಂದು ಹಗ್ಗ, ಇನ್ನೊಂದು ಹಗ್ಗ, ತೊಟ್ಟಿಲು. ಬೆರಳು ಮಣಿಕಟ್ಟಿಗೆ ಬಂದು ನಿಂತಿತು.

"ಅಯ್ಯ! ಚೇಳು! ಇದನ್ನ ಮರ್ತs ಬಿಟ್ಟಿದ್ನೆಲ್ರಿ!"

ಚೇಳು ಹೌದು. ಕೊಂಬುಗಳಿದ್ದವು, ಕಾಲುಗಳಿದ್ದವು. ಆದರೆ ಹಿಂದೆ ಬಾಲವಿರಲಿಲ್ಲ. ನಾನು ದೊಡ್ಡದು ಮಾಡಿ ನೋಡಿದೆ. ಮಸುಕಾದದ್ದಲ್ಲ, ಅಲ್ಲಿ ಸೂಜಿಯೇ ಬಿದ್ದಿರಲಿಲ್ಲ. ಹೇಳಲೋ ಬೇಡವೋ ಎಂದು ಅನುಮಾನಿಸಿದೆ. ಸುಳ್ಳು ಹೇಳಬೇಡಿ ಎಂದಿದ್ದಳಲ್ಲ. "ಬಾಲ ಇಲ್ಲ, ನಿಂಗಮ್ಮ" ಎಂದೆ.

ಅವಳು ಬುಟ್ಟಿ ಬಡಿದು ನಕ್ಕಳು. ಮೇಲಿನ ಮಹಡಿಯಿಂದ ಸೊಸೆ ಇಣುಕಿ ನೋಡುವಷ್ಟು.

"ಎಲ್ಲಿಂದ ಇರ್ತೈತ್ರಿ ಬಾಲ! ಕೊಂಬು ಕಾಲು ಆಗೋದ್ರಾಗ ನಾ ಕೈ ಕಿತಗೊಂಡು ಓಡಿ ಹೋಗಿದ್ದೆ. ಜ್ವಾಳದ ಹೊಲದಾಗ ಕುಂತು ಅತ್ತಿದ್ದೆ. ಅವ್ವ ಬಾಗಿಲದಾಗ ನಿಂತು, ಮೋಟ ಚೇಳು ಇಟ್ಕೊಂಡು ಹೋಗs, ನಿನ್ನ ಯಾರು ಕೇಳ್ತಾರ ಅಂತ ಬೈದಿದ್ಲು. ಅಕ್ಕಂದಕ್ಕ ಬಾಲ ಐತ್ರಿ. ಊರಾಗಿನ ಎಲ್ಲಾರ ಚೇಳಿಗೂ ಬಾಲ ಐತಿ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮೋಟಂದು ನಂದೊಂದs. ಆಕಿ ಹ್ಯಾಂಗ ಮರೀತಾಳ್ರಿ ಇದನ್ನ?"

ನನಗೆ ಅಬಿಡ್ಸ್‌ನ ಮುದುಕರ ಮಾತು ನೆನಪಾಯಿತು. ಇಸ್ಮೇ ಏಕ್ ಐಬ್ ಹೈ.

ನಾನು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿದೆ. ಒಳ್ಳೆಯ ಕಾಗದ, ಸುತ್ತ ಬಿಳಿ ಅಂಚು. ಅಂದು ಮಧ್ಯಾಹ್ನ ನಿಂಗಮ್ಮ ಕಟ್ಟೆಗೆ ಬಂದಾಗ ಹೆಮ್ಮೆಯಿಂದ ಕೈಗಿತ್ತೆ. ಅವಳು ಎರಡೂ ಕೈಯಲ್ಲಿ ಹಿಡಿದು ನೋಡಿ, ಹೊರಳಿಸಿ ಹಿಂಬದಿ ನೋಡಿ, ವಾಪಸು ನನ್ನ ಮಡಿಲಿಗಿಟ್ಟಳು.

"ಛಲೋ ಬಂದೈತ್ರಿ. ನೀವs ಇಟ್ಕೋರಿ."

"ಯಾಕ್ರಿ? ನಿಮಗಂತನs ಮಾಡ್ಸೀನಿ."

"ನಾ ಏನ್ ಮಾಡ್ಲಿ ಅಕ್ಕಾರ? ಶೆಡ್ಡಿನ್ಯಾಗ ಇಟ್ರ ಇಲಿ ತಿಂತೈತಿ. ಸತ್ತಾಗ ಸಂಗಾಟ ಒಯ್ಯಾಕ ಬರಂಗಿಲ್ಲ. ನನಗ ಐತೋ ಇಲ್ಲೋ ಅನ್ನೋದು ಬೇಕಿತ್ತು. ಐತಿ ಅಂದ್ರಿ. ಆತು." ತೋಳನ್ನು ಒಮ್ಮೆ ಸವರಿಕೊಂಡು ಶರ್ಟಿನ ಕೈ ಇಳಿಸಿದಳು.

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಕೆಲಸದಲ್ಲಿ ನನಗೆ ಸಿಕ್ಕಿಲ್ಲ. ಎಡಗಣ್ಣಿನ ಪೊರೆಯನ್ನೂ ಆಮೇಲೆ ತೆಗೆಸಿದೆ. ಈಗ ಎರಡೂ ಕಣ್ಣಿಗೆ ಒಂದೇ ಬಿಳಿ. ಆದರೂ ನಾನು ಯಾವ ಬಣ್ಣದ ಮೇಲೂ ಆಣೆ ಮಾಡುವುದಿಲ್ಲ. ಮೋಟು ಚೇಳಿನ ಮೇಲೆ ಮಾತ್ರ ಮಾಡಬಲ್ಲೆ.

ಚಿತ್ರ ನಮ್ಮ ಹಜಾರದ ಗೋಡೆಯ ಮೇಲಿದೆ. ಪಕ್ಕದಲ್ಲಿ ನನ್ನ ತೋಳಿನದೊಂದು ತೂಗುಹಾಕಬೇಕೆಂದು, ಅದೇ ದಾರ, ಅದೇ ಗಂಟು ಹಿಡಿದು ತೆಗೆದಿದ್ದೆ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ಬೋಳು. ತಪಾಸಣೆಯಲ್ಲಿ ಒಂದೇ ಸಲಕ್ಕೆ ಪಾಸಾಗುವ ತೋಳು. ಅದನ್ನು ತೂಗುಹಾಕಲು ಮನಸ್ಸು ಬರಲಿಲ್ಲ. ಮೊನ್ನೆ ನಿಂಗಮ್ಮ ಬಂದಾಗ ಅವಳಿಗೆ ತೋರಿಸಿ ತಮಾಷೆಗೆಂದು ಕೇಳಿದೆ, "ನೋಡ್ರಿ, ನಮ್ಮಪ್ಪ ಹಾಕಿಸಿಗೊಡ್ಲಿಲ್ಲ. ಸತ್ತ ಮ್ಯಾಲೆ ಅಲ್ಲಿಗೆ ಹೋದ್ರ ನನ್ನ ಯಾರು ಗುರ್ತ ಹಿಡೀತಾರ?"

ಅವಳು ತಮಾಷೆಯೆಂದು ತಿಳಿಯಲಿಲ್ಲ. ಚಿತ್ರವನ್ನು ನೋಡಿದಳು, ನನ್ನ ತೋಳನ್ನು ನೋಡಿದಳು. ಚಹಾ ಮುಗಿಸಿ, ಲೋಟ ತೊಳೆದು ಬೋರಲು ಹಾಕಿ, ಟವೆಲು ತಲೆಗೆ ಸುತ್ತಿಕೊಂಡಳು. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ತಿರುಗಿದಳು.

"ಅಲ್ಲಿ ನನ್ನ ಹಿಂದs ನಿಂದ್ರ್ರಿ ಅಕ್ಕಾರ. ಏನೂ ಮಾತಾಡಬ್ಯಾಡ್ರಿ. ನೀವು ಮಾತಾಡಿದ್ರ ಇರಿವಿ, ಮರಳು ಅಂತ ಕೆಲಸಾ ಕೆಡಸ್ತೀರಿ."

"ಅಲ್ಲೀ ವಾಚಮನ್‌ಗೆ ಕನ್ನಡ ಬರ್ತೈತೋ ಇಲ್ಲೋ?"

"ಬರ್ಲಿ, ಬಿಡ್ಲಿ" ಎಂದು ನಿಂಗಮ್ಮ ಗೇಟು ಎಳೆದುಕೊಂಡಳು. "ಮೇರೆ ಸಾಥ್ ಹೈ, ಛೋಡೋ ಅಂತೀನಿ."